ಜಗಳದ ಕಾರು

ಮಾರ್ಚ್ 4, ಸೋಮವಾರ

ನಾನು ಕಾರು ಕೊಳ್ಳಬೇಕಾಗಿದೆ. ಈ ವಾಕ್ಯ ಬರೆದ ಕೈ ನನ್ನದೇ ಎಂದು ನಂಬುವುದು ಕಷ್ಟವಾಗುತ್ತಿದೆ.

‘ಸ್ವಂತ ಕಾರು ಎಂದರೆ ಚಕ್ರವಿರುವ ಬೇಲಿ’ ಎಂಬ ಕರಪತ್ರ ಬರೆದವಳು ನಾನು. ನಮ್ಮ ನಡಿಗೆ ಬಳಗದವರೆಲ್ಲ ಅದರ ಕೆಳಗೆ ಸಹಿ ಹಾಕಿ, ಬದುಕಿರುವವರೆಗೆ ಕಾರು ಇಟ್ಟುಕೊಳ್ಳುವುದಿಲ್ಲ ಎಂದು ಪ್ರತಿಜ್ಞೆ ಮಾಡಿದ್ದೆವು. ಸಹಿ ಹಾಕಿದವರಲ್ಲಿ ಈಗ ಉಳಿದಿರುವುದು ಕಾರ್ಯದರ್ಶಿ ಮತ್ತು ನಾನು. ಉಳಿದವರಿಗೆ ಮದುವೆಯಾಯಿತು, ಬಡ್ತಿ ಬಂತು, ಕಾರೂ ಬಂತು. ಅವರಿಗಿದ್ದದ್ದು ನೆಪ. ನನಗಿರುವುದು ಕಾರಣ. ಆ ಕಾರಣವನ್ನು ಇಲ್ಲಿ ಸ್ಪಷ್ಟವಾಗಿ ಬರೆದಿಡುತ್ತೇನೆ, ಮುಂದೆ ನಾನೇ ತಿರುಚಿಕೊಳ್ಳಬಾರದು.

ನನ್ನ ಕೆಲಸ ಕ್ಲಿನಿಕ್ಕಿನಲ್ಲಿ ಜನರ ಕಿವಿ ಪರೀಕ್ಷಿಸುವುದು. ಊರಾಚೆಯ ನೇಯ್ಗೆ ಶೆಡ್ಡಿನಲ್ಲಿ ಕೆಲಸ ಮಾಡುವವರ ಕಿವಿ ವರ್ಷ ವರ್ಷ ಹಾಳಾಗುತ್ತಿದೆ. ಏಪ್ರಿಲ್ ಕೊನೆಯೊಳಗೆ ಕಾರ್ಮಿಕ ಇಲಾಖೆಗೆ ಅವರ ಪರೀಕ್ಷೆಯ ವರದಿ ತಲುಪಿದರೆ, ಶೆಡ್ಡಿನವರು ಕಿವಿ ಕೆಟ್ಟವರನ್ನು ಅದೇ ಸಂಬಳದಲ್ಲಿ ಬಟ್ಟೆ ಮಡಚುವ ವಿಭಾಗಕ್ಕೆ ಹಾಕಬೇಕು, ಉಳಿದವರಿಗೆ ಕಿವಿಗವಸು ಕೊಡಬೇಕು. ತಲುಪದಿದ್ದರೆ ಇನ್ನೊಂದು ವರ್ಷ ಹೀಗೇ. ಅವರು ಎರಡು ಬಸ್ಸು ಬದಲಿಸಿ ಕ್ಲಿನಿಕ್ಕಿಗೆ ಬರಲಾರರು. ಮನೆ, ಮಕ್ಕಳು, ಪಾಳಿ. ಕಿವಿ ಸುಸ್ತಾಗುವ ಮುಂಚೆ, ಪಾಳಿ ಶುರುವಾಗುವ ಮೊದಲೇ ಪರೀಕ್ಷೆ ಆಗಬೇಕು ಬೇರೆ. ಹಾಗಾಗಿ ಕಳೆದ ಬುಧವಾರ ಯಂತ್ರ ಹೊತ್ತು ನಾನೇ ಹೋದೆ.

ಕ್ಯಾಂಟೀನಿನಲ್ಲಿ ಕೂತೆ. ಗೋಡೆಯಾಚೆ ಮಗ್ಗಗಳು. ನನ್ನ ಶಬ್ದಮಾಪಕ ಅರವತ್ತು ಡೆಸಿಬೆಲ್ ದಾಟಿತ್ತು. ನಲವತ್ತಕ್ಕಿಂತ ಕೆಳಗಿಳಿಯದಿದ್ದರೆ ಪರೀಕ್ಷೆ ಪರೀಕ್ಷೆಯೇ ಅಲ್ಲ. ಕೆಲಸಗಾರರ ಮನೆಗಳೂ ಶೆಡ್ಡಿನ ಗೋಡೆಗೆ ಅಂಟಿಕೊಂಡೇ ಇವೆ. ಮ್ಯಾನೇಜರ್ ಬಹಳ ಮರ್ಯಾದೆಯಿಂದ, “ಇಲ್ಲಿ ಮಾತಾಡೋಕಾಗಲ್ಲ, ಬನ್ನಿ ಮೇಡಂ” ಎಂದು ತಮ್ಮ ಕಾರಿನಲ್ಲಿ ಕೂರಿಸಿದರು. ಹಿಂದೆ ಡಿಕ್ಕಿ ಬೇರೆಯಾಗಿರುವ ಉದ್ದನೆಯ ಸೆಡಾನು. ಗಾಜು ಏರಿಸಿದರು. ಮಗ್ಗಗಳು ಸತ್ತುಹೋದವು.

“ಇವರಿಗೆಲ್ಲ ವಯಸ್ಸಾಯ್ತು, ಕಿವಿ ಮಂದ ಆಗಿದೆ. ಅದಕ್ಕೆ ಮಗ್ಗ ಏನು ಮಾಡುತ್ತೆ ಹೇಳಿ” ಎಂದು ಶುರು ಮಾಡಿದರು. ಆಮೇಲೆ ಏನು ಹೇಳಿದರೋ ನನ್ನ ತಲೆಗೆ ಹೋಗಲಿಲ್ಲ. ಮಡಿಲಲ್ಲಿದ್ದ ಮಾಪಕ ಮೂವತ್ತಾರಕ್ಕೆ ಇಳಿದಿತ್ತು.

ಮಾರ್ಚ್ 6, ಬುಧವಾರ

ಬಾಡಿಗೆ ಕಾರಿನವರು ಯಾರೂ ಒಪ್ಪುತ್ತಿಲ್ಲ. ಬಿಸಿಲಲ್ಲಿ ಗಾಜು ಏರಿಸಿ, ಎಂಜಿನ್ ನಿಲ್ಲಿಸಿ, ಅರ್ಧ ದಿನ ಕಾರನ್ನು ನನ್ನ ಕೈಗೊಪ್ಪಿಸುವುದು ಎಂದರೆ ಅವರಿಗೆ ಅನುಮಾನ. ನಮ್ಮ ಕ್ಲಿನಿಕ್ಕಿನ ಡಾಕ್ಟರ್ ಕಾರು ಬುಧವಾರ ಡಾಕ್ಟರ್ ಜೊತೆಯೇ ಬೇರೆ ಊರಿಗೆ ಹೋಗುತ್ತದೆ. ಕ್ಲಿನಿಕ್ ಮುಚ್ಚಿರುವುದೂ ನನಗೆ ಬಿಡುವಿರುವುದೂ ಬುಧವಾರ ಮಾತ್ರ.

ಕ್ಲಿನಿಕ್ಕಿನ ಎದುರಿನ ಗ್ಯಾರೇಜಿನ ಮೆಕ್ಯಾನಿಕ್‌ಗೆ ಒಮ್ಮೆ ಹಾರ್ನಿನ ವಿರುದ್ಧದ ಕರಪತ್ರ ಕೊಟ್ಟಿದ್ದೆ. ನನ್ನೆದುರೇ ಅದರಲ್ಲಿ ಕೈಯೆಣ್ಣೆ ಒರೆಸಿಕೊಂಡಿದ್ದ. ಇವತ್ತು ಅವನ ಬಳಿಯೇ ಹೋಗಿ ಹಳೆಯ ಸೆಡಾನು ಎಲ್ಲಾದರೂ ಇದೆಯೇ ಎಂದು ಕೇಳಬೇಕಾಯಿತು.

“ಯಾರಿಗೆ?”

“ನನಗೇ.”

ಪಾನಾ ಕೆಳಗಿಟ್ಟ. “ಮೊದಲ ಕಾರಾ? ಮೊದಲ ಕಾರಿಗೆ ಸೆಡಾನ್ ಬೇಡಮ್ಮ. ಹಿಂದೆ ಬಾಲ ಇದೆ ಅನ್ನೋದೇ ಮರೆತುಹೋಗುತ್ತೆ. ಚಿಕ್ಕದು ತಗೋ.”

ಚಿಕ್ಕ ಕಾರಿನಲ್ಲಿ ಡಿಕ್ಕಿ ಒಳಗೇ ಸೇರಿಕೊಂಡಿರುತ್ತದೆ, ಹಿಂದಿನ ಚಕ್ರದ ಸದ್ದೆಲ್ಲ ಒಳಗೆ ಬರುತ್ತದೆ ಎಂದೆ. ನನ್ನ ಮುಖ ನೋಡಿದ. ನಿಂತ ಕಾರಿಗೆ ಚಕ್ರದ ಸದ್ದು ಎಲ್ಲಿಂದ ಬರಬೇಕು ಎಂದು ಅವನು ಕೇಳಲಿಲ್ಲ. ನನಗೆ ಈಗ ಹೊಳೆಯುತ್ತಿದೆ. ಹಾಗಿದ್ದರೂ ಸೆಡಾನೇ ಬೇಕು. ಪ್ರಯೋಗದಲ್ಲಿ ಕಂಡದ್ದನ್ನು ಬದಲಿಸಬಾರದು.

ದುಡ್ಡಿಗೆ ತೊಂದರೆಯಿಲ್ಲ. ಖರ್ಚು ಮಾಡಿಸುವವರು ಯಾರಿದ್ದಾರೆ ನನಗೆ. ಲೈಸೆನ್ಸೂ ಇದೆ, ಪ್ರತಿಜ್ಞೆಗೆ ಮುಂಚೆ ಅಮ್ಮನ ಒತ್ತಾಯಕ್ಕೆ ಪಡೆದದ್ದು.

ಮಾರ್ಚ್ 10, ಭಾನುವಾರ

ಮೆಕ್ಯಾನಿಕ್ ಹೇಳಿದ ಮನೆಗೆ ಹೋಗಿಬಂದೆ. ಅಂಗಳದಲ್ಲಿ ಬೂದು ಬಣ್ಣದ ಸೆಡಾನು. ಮಾರುವವರು ವಯಸ್ಸಾದ ದಂಪತಿ. ಗಂಡ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವರು, ಹೆಂಡತಿ ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿದ್ದವರು. ಟೀಚರ್ ದನಿ ಈಗಲೂ ಸೀಟಿಯಂತೆಯೇ ಇದೆ. ಮನೆಯೊಳಗೆ ಮಗ, ಸೊಸೆ, ಮೊಮ್ಮಕ್ಕಳು, ಮಹಡಿಯಲ್ಲಿ ಬಾಡಿಗೆಯವರು, ಎಲ್ಲ ಕಿಟಕಿಗಳಿಂದಲೂ ಒಂದೊಂದು ಟೀವಿ. ಇಂಥ ಗದ್ದಲದಲ್ಲಿ ಮನುಷ್ಯರು ಹೇಗೆ ಯೋಚಿಸುತ್ತಾರೋ.

ಕಾರಿನೊಳಗೆ ಕೂತು ಗಾಜು ಏರಿಸಿ ಮಾಪಕ ನೋಡಿದೆ. ಮೂವತ್ಮೂರು. ಮ್ಯಾನೇಜರ್ ಕಾರಿಗಿಂತ ಮೇಲು. ಬಾಗಿಲಿನ ರಬ್ಬರು ಹೊಸದರಂತಿದೆ. ಎದ್ದುಬರಲು ಮನಸ್ಸಾಗದೆ ತುಂಬ ಹೊತ್ತು ಕೂತಿದ್ದೆ. ಮಕ್ಕಳು ಗಾಜಿಗೆ ಮೂಗೊತ್ತಿ ಏನೋ ಕಿರುಚುತ್ತಿದ್ದವು, ಒಂದೂ ಕೇಳಿಸಲಿಲ್ಲ.

“ಇಷ್ಟ ಆಯ್ತಾ?” ಎಂದು ಟೀಚರ್ ಕೇಳಿದರು. ಆಯಿತು ಎಂದೆ. ಬಾಯ್ಲರ್ ಯಜಮಾನರು ಏನೂ ಹೇಳಲಿಲ್ಲ.

ಮಾರ್ಚ್ 11, ಸೋಮವಾರ

ಮೆಕ್ಯಾನಿಕ್ ಕೇಳಿದ: “ಎಂಜಿನ್ ಹೇಗಿದೆ?”

ಆನ್ ಮಾಡಿರಲಿಲ್ಲ.

ಗ್ಯಾರೇಜಿನವರೆಲ್ಲ ನಕ್ಕರು. ನಗಲಿ.

ಮಾರ್ಚ್ 13, ಬುಧವಾರ

ಕಾರು ನೋಡಲು ಮೆಕ್ಯಾನಿಕ್ ತಾನೇ ನನ್ನ ಜೊತೆ ಬಂದ. ಎಂಜಿನ್ ಪರವಾಗಿಲ್ಲ, ಕ್ಲಚ್ ಸ್ವಲ್ಪ ಗಟ್ಟಿ, ಹೊಟ್ಟೆ ತಗ್ಗು, ಶೆಡ್ಡಿನ ಮಣ್ಣುದಾರಿಯಲ್ಲಿ ತಳ ತಾಗುತ್ತದೆ ಎಂದ. ಆಮೇಲೆ ಮುಂದಿನ ಎರಡು ಸೀಟುಗಳನ್ನು ಅಮುಕಿ ನೋಡಿ ಹುಬ್ಬು ಗಂಟಿಕ್ಕಿದ.

“ಏನ್ ಯಜಮಾನ್ರೇ, ಕಾರು ಓಡಿದ್ದು ನೋಡಿದ್ರೆ ನಿನ್ನೆ ಮೊನ್ನೆ ತಗೊಂಡ ಹಾಗಿದೆ. ಸೀಟು ನೋಡಿದ್ರೆ ಟ್ಯಾಕ್ಸಿಗಿಂತ ಕಡೆ. ಓಡಿದ್ದು ಕಮ್ಮಿ, ಕೂತಿದ್ದು ಜಾಸ್ತಿ. ಏನು ಸಮಾಚಾರ?”

ಯಜಮಾನರು ಮೋಡ ನೋಡುವವರಂತೆ ಮೇಲೆ ನೋಡಿದರು. ಟೀಚರ್ ಸೊಸೆ ಒಳಗಿದ್ದಾಳೆಯೇ ಎಂದು ಖಚಿತ ಮಾಡಿಕೊಂಡು, “ಜಗಳ ಆಡೋಕೆ” ಎಂದರು.

“ಏನು?”

“ಮನೆ ತುಂಬ ಜನ. ಗಂಡ ಹೆಂಡತಿ ಸಮಾಧಾನವಾಗಿ ಜಗಳ ಆಡೋಕೆ ಜಾಗ ಎಲ್ಲಿದೆ? ಸೊಸೆ ಬಂದ ವರ್ಷ ಒಂದ್ಸಲ ಕಾರಲ್ಲಿ ಕೂತು ಆಡಿದ್ವಿ. ಇಳಿದು ಒಳಗೆ ಹೋದ್ರೆ ಯಾರಿಗೂ ಒಂದಕ್ಷರ ಕೇಳಿಸಿರಲಿಲ್ಲ. ಅವತ್ತಿಂದ ಎಲ್ಲ ಇದರಲ್ಲೇ. ಮಕ್ಕಳು ‘ಅಜ್ಜ ಅಜ್ಜಿ ರೇಡಿಯೋ ಕೇಳ್ತಿದ್ದಾರೆ’ ಅಂದ್ಕೊಂಡಿವೆ. ಪೆಟ್ರೋಲೂ ಬೇಡ.”

ಮೆಕ್ಯಾನಿಕ್‌ಗೆ ಕೆಮ್ಮು ಬಂತು. “ಮತ್ತೆ ಯಾಕಮ್ಮ ಮಾರ್ತಿದ್ದೀರಿ? ಜಗಳ ಮುಗೀತಾ?”

“ಎರಡು ವರ್ಷ ಆಯ್ತು, ಇವರು ಉತ್ತರಾನೇ ಕೊಡಲ್ಲ. ನಾನೊಬ್ಬಳೇ ಬಾಯಿ ಬಡ್ಕೋಬೇಕು. ನಿನ್ನ ಹತ್ರ ಮಾತಾಡ್ತಾರೆ, ಪೇಪರಿನವನ ಹತ್ರ ಮಾತಾಡ್ತಾರೆ. ನಾನಂದ್ರೆ ಗಾಳಿ. ಗೋಡೆ ಜೊತೆ ಜಗಳ ಆಡೋಕೆ ಕಾರು ಯಾಕೆ?”

ಇದು ಅವರ ಖಾಸಗಿ ವಿಷಯ. ನನಗೆ ಮುಖ್ಯವಾದದ್ದು ಅದರಲ್ಲಿರುವ ವೈಜ್ಞಾನಿಕ ಅಂಶ: ಟೀಚರ್ ಆ ದನಿಯಲ್ಲಿ ಕೂಗಿದರೂ ಗಾಜು ತಡೆದಿದೆ. ಇದಕ್ಕಿಂತ ಒಳ್ಳೆಯ ಪ್ರಮಾಣ ಬೇಕೇ?

ಭಾನುವಾರ ಓಡಿಸಿ ನೋಡಿ ಹೇಳುತ್ತೇನೆ ಎಂದೆ. “ಕಾಫಿ ಕುಡಿದು ಹೋಗು” ಎಂದರು. ಕೆಲಸವಿದೆ ಎಂದು ಬಂದುಬಿಟ್ಟೆ. ಕೆಲಸವೇನೂ ಇರಲಿಲ್ಲ.

ಮಾರ್ಚ್ 17, ಭಾನುವಾರ

ಓಡಿಸಿದೆ. ಬೀದಿಯ ಕೊನೆಯವರೆಗೆ ಹೋಗಿ ಬಂದೆ, ಯಜಮಾನರು ಪಕ್ಕದಲ್ಲಿ ಕೂತಿದ್ದರು. ಕ್ಲಚ್ ಗಟ್ಟಿಯಿರುವುದು ನಿಜ. ಅಂಗಳಕ್ಕೆ ಹಿಂದೆ ಹಿಂದೆ ತರುವಾಗ ಟೀಚರ್ ಹೊರಗೆ ನಿಂತು “ನಿಲ್ಲಿಸು, ನಿಲ್ಲಿಸು” ಎನ್ನುತ್ತಿದ್ದರು. ಗಾಜು ಪೂರ್ತಿ ಇಳಿದಿತ್ತು. ಪಕ್ಕದಲ್ಲಿ ಯಜಮಾನರು ಶಾಂತವಾಗಿ “ಬರ್ಲಿ, ಬರ್ಲಿ” ಎನ್ನುತ್ತಿದ್ದರು. ಪಕ್ಕದವರನ್ನು ನಂಬಿದೆ. ಡಿಕ್ಕಿ ನೀರಿನ ತೊಟ್ಟಿಗೆ ಗುದ್ದಿತು.

“ಕಿವಿ ಇಲ್ವಾ ನಿಮಗೆ?” ಎಂದು ಟೀಚರ್ ಓಡಿಬಂದರು.

“ಕೂಗಬಾರದಿತ್ತಾ?” ಎಂದರು ಯಜಮಾನರು. ಕುಹಕವಲ್ಲ. ನಿಜವಾಗಿಯೇ ಕೇಳುತ್ತಿದ್ದರು.

ಬಾಲ ಸ್ವಲ್ಪ ನೆಗ್ಗಿದೆ. ರಿಪೇರಿ ನಾನೇ ಮಾಡಿಸುತ್ತೇನೆಂದೆ, ಬೇಡವೆಂದರು.

ಕೋಣೆಗೆ ಬಂದು ಮಾಪಕ ಚೀಲದಿಂದ ತೆಗೆದಾಗ ಅದು ಆನ್ ಆಗಿಯೇ ಇತ್ತು. ಇಪ್ಪತ್ತೊಂಬತ್ತು. ಮಧ್ಯಾಹ್ನ, ಕಿಟಕಿ ತೆರೆದೇ ಇದೆ, ಆದರೂ ಇಪ್ಪತ್ತೊಂಬತ್ತು. ಮೂರನೆಯ ಮಹಡಿ, ಹಿಂಬದಿ, ಪಕ್ಕದ ಮನೆ ಖಾಲಿ. ಕಿವಿ ಪರೀಕ್ಷೆಗೆ ಇಷ್ಟು ಯೋಗ್ಯವಾದ ಕೋಣೆ ಈ ಊರಿನಲ್ಲಿ ಇನ್ನೊಂದು ಇರಲಾರದು. ಇಲ್ಲಿರುವುದು ಒಂದೇ ಕುರ್ಚಿ.

ಪರಿಶೀಲನೆಗೆಂದು ಒಮ್ಮೆ ಕೆಮ್ಮಿದೆ. ಎಪ್ಪತ್ತಕ್ಕೆ ಹೋಗಿ ತಕ್ಷಣ ಇಳಿಯಿತು.

ಮಾರ್ಚ್ 18, ಸೋಮವಾರ

ಅಮ್ಮ ಫೋನ್ ಮಾಡಿದ್ದಳು. ಕಾರಿನ ವಿಷಯ ಹೇಳಲಿಲ್ಲ. “ಮತ್ತೇನು?” ಎಂದಳು. “ಮತ್ತೇನಿಲ್ಲ” ಎಂದೆ.

ಮಾರ್ಚ್ 20, ಬುಧವಾರ

ಕಾರ್ಯದರ್ಶಿಗೆ ನಾನೇ ತಿಳಿಸುವುದು ಪ್ರಾಮಾಣಿಕತೆ ಎನಿಸಿತು. ಶೆಡ್ಡು, ಮಗ್ಗ, ಇಲಾಖೆಯ ಗಡುವು ಎಲ್ಲವನ್ನೂ ವಿವರಿಸಿ ಉದ್ದನೆಯ ಸಂದೇಶ ಕಳಿಸಿದೆ. ಉತ್ತರ ಒಂದೇ ಸಾಲು ಬಂತು: ‘ಸ್ವಂತ ಕಾರು ಎಂದರೆ ಚಕ್ರವಿರುವ ಬೇಲಿ.’

ಅದು ನನ್ನ ಸಾಲು. ಓದಿದಾಗ ಎಷ್ಟು ಚೆನ್ನಾಗಿ ಬರೆದಿದ್ದೇನೆ ಎನಿಸಿತು. ಬೇರೆ ಯಾರಾದರೂ ಬರೆದಿದ್ದರೆ ವಾದಿಸಬಹುದಿತ್ತು.

ಫೋನ್ ಮಾಡಿದೆ, ಎತ್ತಲಿಲ್ಲ. ಒಂದೆರಡು ಬೈಗುಳವಾದರೂ ಬರೆಯಬಹುದಿತ್ತು ಅವನು. ಬಳಗದ ಗುಂಪಿನಲ್ಲಿ ಈಗ ನಾನೊಬ್ಬಳೇ ಇದ್ದೇನೆ ಎಂದು ಫೋನು ತೋರಿಸುತ್ತಿದೆ. ಗುಂಪನ್ನು ಅಳಿಸುವುದು ಹೇಗೆಂದು ಗೊತ್ತು. ಅಳಿಸಿಲ್ಲ.

ಮಾರ್ಚ್ 24, ಭಾನುವಾರ

ತೊಟ್ಟಿಗೆ ಗುದ್ದಿದ ದಿನದಿಂದ ಒಂದು ಅನುಮಾನವಿತ್ತು. ಯಂತ್ರ ಹೊತ್ತುಕೊಂಡೇ ಹೋದೆ. ಶೆಡ್ಡಿಗೆ ಮುಂಚೆ ಕಾರಿನಲ್ಲಿ ಒಂದು ಪರೀಕ್ಷೆ ಮಾಡಿ ನೋಡಬೇಕು, ಯಜಮಾನರು ಕೂರಬಹುದೇ ಎಂದು ಕೇಳಿದೆ. ಇದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ನಾವಿಬ್ಬರೂ ಒಳಗೆ ಕೂತೆವು. ಅವರ ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಗುಂಡಿ ಕೊಟ್ಟು, ಸದ್ದು ಕೇಳಿದಾಗಲೆಲ್ಲ ಒತ್ತಿ ಎಂದೆ. ದಪ್ಪ ಸದ್ದುಗಳಿಗೆ ಚಕಚಕನೆ ಒತ್ತಿದರು, ಹುಡುಗರಿಗಿಂತ ಚುರುಕು. ಸದ್ದು ತೆಳ್ಳಗಾಗುತ್ತ ಹೋದಂತೆ ಬೆರಳು ನಿಂತಿತು. ನಾನು ಏರಿಸುತ್ತ ಹೋದೆ. ಅವರು ಮುಂದಿನ ಗಾಜಿನ ಮೇಲಿದ್ದ ಒಂದು ಎಲೆ ನೋಡುತ್ತ ಕೂತಿದ್ದರು.

“ಮುಂದಿನದು ಶುರು ಮಾಡಮ್ಮ” ಎಂದರು.

ಮುಂದಿನದು ಮುಗಿದು ಬಹಳ ಹೊತ್ತಾಗಿತ್ತು.

ಒಳಗೆ ಬೆಂಕಿಯಂಥ ಸೆಕೆ. ಬಾಗಿಲು ತೆರೆದು ಟೀಚರನ್ನು ಕರೆದೆ. ಬಾಯ್ಲರಿನ ಪಕ್ಕ ಅಷ್ಟು ವರ್ಷ ನಿಂತದ್ದರಿಂದ ಇವರಿಗೆ ತೆಳು ಸದ್ದುಗಳು ಹೋಗಿಬಿಟ್ಟಿವೆ, ಗಂಡಸರ ದನಿ, ನನ್ನ ದನಿ ಕೇಳಿಸುತ್ತದೆ, ನಿಮ್ಮ ದನಿ ಇರುವ ಎತ್ತರ ಮಾತ್ರ ಕೇಳಿಸುವುದಿಲ್ಲ ಎಂದು ಕಾಗದದಲ್ಲಿ ಗೆರೆ ತೋರಿಸಿ ಹೇಳಿದೆ. ಟೀಚರ್ ಕಾರಿನ ಬಾಗಿಲು ಹಿಡಿದುಕೊಂಡರು.

“ಎರಡು ವರ್ಷ ಬೇಕಂತಲೇ ಮಾಡ್ತಿದ್ದಾರೆ ಅಂದ್ಕೊಂಡಿದ್ದೆ.”

ಅದನ್ನು ನಾನು ಯಜಮಾನರಿಗೆ ದಪ್ಪ ದನಿಯಲ್ಲಿ ತಿರುಗಿ ಹೇಳಬೇಕಾಯಿತು. ಅವರು ಹೆಂಡತಿಯನ್ನು ನೋಡಿದರು.

“ನಾನು, ನೀನೇ ಮಾತು ಬಿಟ್ಟಿದ್ದೀಯ ಅಂದ್ಕೊಂಡಿದ್ದೆ” ಎಂದರು. “ಬಾಯಿ ಆಡ್ತಿತ್ತು. ಒಳಗೊಳಗೇ ಬೈತಿದ್ದೀಯ ಅಂತ.”

ಕಾಫಿ ಕುಡಿದೆ. ಮಕ್ಕಳು ಹೆಡ್‌ಫೋನ್ ಹಾಕಿಕೊಂಡು ಗುಂಡಿ ಒತ್ತಿ ಒತ್ತಿ ಆಟವಾಡಿದವು. ಬ್ಯಾಟರಿ ಹಾಳು.

ಮಾರ್ಚ್ 28, ಗುರುವಾರ

ಡಾಕ್ಟರ್ ಯಜಮಾನರಿಗೆ ಶ್ರವಣಯಂತ್ರ ಹಾಕಿದರು, ಸದ್ಯಕ್ಕೆ ಒಂದು ತಿಂಗಳ ಪರೀಕ್ಷೆಗೆ. ಕಾರಿನ ವ್ಯವಹಾರ ಭಾನುವಾರ ಮುಗಿಸೋಣ ಎಂದು ಟೀಚರ್ ಹೇಳಿದ್ದಾರೆ. ಇನ್ನು ತಡಮಾಡುವಂತಿಲ್ಲ. ಗಡುವಿಗೆ ಉಳಿದಿರುವುದು ಕೆಲವೇ ಬುಧವಾರಗಳು.

ಮಾರ್ಚ್ 31, ಭಾನುವಾರ

ಹೋದಾಗ ಅಂಗಳದಲ್ಲಿ ಮಕ್ಕಳು ಮಾತ್ರ ಇದ್ದವು. “ಅಜ್ಜ ಅಜ್ಜಿ ರೇಡಿಯೋ ಕೇಳ್ತಿದ್ದಾರೆ” ಎಂದವು.

ಕಾರಿನ ಗಾಜುಗಳೆಲ್ಲ ಏರಿದ್ದವು. ಟೀಚರ್ ಕೈ ಬೀಸುತ್ತಿದ್ದರು, ಯಜಮಾನರು ಸ್ಟೇರಿಂಗ್ ಮೇಲೆ ಬೆರಳು ಕುಟ್ಟುತ್ತಿದ್ದರು. ಎರಡು ವರ್ಷದ ಬಾಕಿ. ಎಷ್ಟೋ ಹೊತ್ತು ತೊಟ್ಟಿಯ ಕಟ್ಟೆಯ ಮೇಲೆ ಕೂತು ನೋಡಿದೆ. ಟೀಚರ್ ಒಮ್ಮೆ ಅತ್ತರು, ಆಮೇಲೆ ಇಬ್ಬರೂ ನಕ್ಕರು, ಆಮೇಲೆ ಮತ್ತೆ ಶುರು. ಏನೂ ಕೇಳಿಸಲಿಲ್ಲ. ನನ್ನ ಕೈಯಲ್ಲಿ ಮುಂಗಡದ ಲಕೋಟೆ ಇತ್ತು.

ಇಳಿದಾಗ ಇಬ್ಬರ ಮುಖವೂ ಕೆಂಪಾಗಿತ್ತು, ಗಟ್ಟಿ ಆಟ ಆಡಿ ಬಂದ ಮಕ್ಕಳ ಹಾಗೆ. ಟೀಚರ್ ಲಕೋಟೆ ನೋಡಿ ಸೆರಗು ಸರಿಮಾಡಿಕೊಂಡರು.

“ಕೊಡ್ತೀವಮ್ಮ, ಕೊಡಲ್ಲ ಅಂತಲ್ಲ. ಮಾತು ಮಾತೇ. ಬುಧವಾರ ಶೆಡ್ಡಿಗೆ ಇವರೇ ಓಡಿಸ್ಕೊಂಡು ಬರ್ತಾರೆ, ನಿನಗೂ ಕ್ಲಚ್ ಅಭ್ಯಾಸ ಇಲ್ಲ. ನಾನೂ ಬರ್ತೀನಿ, ಇವರೊಬ್ಬರನ್ನೇ ಬಿಡಲ್ಲ. ಆಮೇಲೆ ನೋಡೋಣ.”

ಈ ಕಾರಿನಿಂದ ಅವರಿಗೆ ಇನ್ನೂ ಉಪಯೋಗವಿದೆ ಎಂಬುದು ನನಗೆ ಅರ್ಥವಾಗದ ವಿಷಯವೇನಲ್ಲ. ಆದರೆ ಒಂದು ಕಡೆ ಇಬ್ಬರ ಸುಖ, ಇನ್ನೊಂದು ಕಡೆ ಇಡೀ ಶೆಡ್ಡು. ತಕ್ಕಡಿ ಸ್ಪಷ್ಟವಾಗಿದೆ. ಬುಧವಾರ ಆದ ಮೇಲೆ ಕೇಳಿಯೇ ಬಿಡುತ್ತೇನೆ.

ಏಪ್ರಿಲ್ 3, ಬುಧವಾರ

ಶೆಡ್ಡಿನ ಹಿಂದೆ ಮರದಡಿ ಕಾರು ನಿಲ್ಲಿಸಿದೆವು. ಮಣ್ಣುದಾರಿಯಲ್ಲಿ ತಳ ಎರಡು ಸಲ ತಾಗಿತು, ಎರಡು ಸಲವೂ ಟೀಚರ್ ಯಜಮಾನರನ್ನೇ ಬೈದರು, ಯಜಮಾನರು ದಾರಿಯನ್ನು ಬೈದರು. ಒಳಗೆ ಮಾಪಕ ಮೂವತ್ತೇಳು. ಪರೀಕ್ಷೆಗೆ ಸಾಕು.

ಮಧ್ಯಾಹ್ನದ ಪಾಳಿಯ ಹೆಂಗಸರು ಬೇಗ ಬಂದು ಸಾಲು ನಿಂತಿದ್ದರು. ಸಾಲನ್ನು ಟೀಚರ್ ನೋಡಿಕೊಂಡರು. ಹತ್ತು ನಿಮಿಷದಲ್ಲಿ ಎಲ್ಲರೂ ಎತ್ತರದ ಪ್ರಕಾರ ನಿಂತಿದ್ದರು. ಮ್ಯಾನೇಜರ್ ಕಿಟಕಿಯಿಂದ ನೋಡಿ ಒಳಗೆ ಹೋದರು. ಒಬ್ಬೊಬ್ಬರನ್ನೇ ಒಳಗೆ ಕೂರಿಸಿದೆ. ನಾಲ್ವರಾಗುವಷ್ಟರಲ್ಲಿ ನಾನು ಬೆವರಿನಲ್ಲಿ ಮುಳುಗಿದ್ದೆ. ಹೊರಬಂದು ನೀರು ಕುಡಿಯುತ್ತ ನಿಂತೆ. ಆ ಬಿಡುವಿನಲ್ಲಿ ದಂಪತಿ ಒಳಗೆ ಹೋಗಿ ಕೂತು, ಗಾಜು ಏರಿಸಿಕೊಂಡರು. ಅಭ್ಯಾಸಬಲ.

ಸಾಲಿನಲ್ಲಿದ್ದವರು ಕಾರಿನ ಕಡೆ ನೋಡಿ ಮುಸಿಮುಸಿ ನಗತೊಡಗಿದರು. ಎಲ್ಲರಿಗೂ ಹಿರಿಯಳಾದ ಒಬ್ಬ ಹೆಂಗಸು, ಎಲ್ಲರೂ ಮಗ್ಗದಕ್ಕ ಎಂದು ಕರೆಯುವವಳು, ನನ್ನ ಪಕ್ಕ ನಿಂತಿದ್ದಳು.

“ಏನಕ್ಕಾ ನಗು?”

“ಅವರ ಮಾತಿಗೆ.”

“ನಿಮಗೆ ಕೇಳಿಸುತ್ತಾ?”

“ಕಿವೀಲಿ ಯಾರು ಕೇಳ್ತಾರೆ?” ಮಗ್ಗದಕ್ಕ ತನ್ನ ತುಟಿ ಮುಟ್ಟಿ ತೋರಿಸಿದಳು. “ಮಗ್ಗದ ಮುಂದೆ ಇಷ್ಟು ವರ್ಷ ನಿಂತೋರು ತುಟಿ ನೋಡಿಯೇ ಮಾತಾಡ್ಕೊಳ್ಳೋದು. ಶೆಡ್ಡಿನ ಆ ತುದಿಯಿಂದ ಈ ತುದಿಗೆ ಸಂಸಾರದ ಗುಟ್ಟೆಲ್ಲ ಹೀಗೇ ಹೋಗುತ್ತೆ. ಗಾಜಿದ್ರೇನು?”

ಮುಂಚೆಯೂ ಇಲ್ಲಿಗೆ ಬಂದಿದ್ದೇನೆ, ಇದನ್ನು ಗಮನಿಸಿರಲಿಲ್ಲ. ಅಲ್ಲಿದ್ದವರಲ್ಲಿ ಆ ಮಾತು ಕೇಳಿಸದೆ ಇದ್ದವಳು ನಾನೊಬ್ಬಳೇ.

“ಏನಂತಿದ್ದಾರೆ?”

“ನಿನ್ನ ವಿಷಯಾನೇ. ಅಜ್ಜಿ ಹೇಳ್ತಿದ್ದಾರೆ, ಕಾರು ಕೊಟ್ಟುಬಿಡೋಣ, ಎಷ್ಟು ದಿನ ಆ ಹುಡುಗೀನ ಸತಾಯಿಸೋದು, ನಮಗೆ ಜಗಳಕ್ಕೆ ತಾರಸಿ ಇದೆ ಅಂತ.”

“ಅಜ್ಜ?”

“ತಾರಸೀಲಿ ನಿನ್ನ ದನಿಗೆ ಊರು ಏಳುತ್ತೆ ಅಂತ.” ಹಿಂದಿನವರು ಗೊಳ್ಳೆಂದು ನಕ್ಕರು. “ಈಗ ಅಜ್ಜ ಹೇಳ್ತಿದ್ದಾರೆ... ಕೊಟ್ರೆ ಅವಳು ಮತ್ತೆ ನಮ್ಮನೆ ಕಡೆ ತಲೆ ಹಾಕ್ತಾಳಾ? ಕಾರು ಇರೋದಕ್ಕೆ ಬರ್ತಿದ್ದಾಳೆ. ಅಜ್ಜಿ ಅಂತಿದ್ದಾರೆ, ಬರದಿದ್ರೆ ಬಿಡಲಿ, ಅವಳಿಗೂ ಮನೆ ಮಠ ಇರಲ್ವಾ. ಅದಕ್ಕೆ ಅಜ್ಜ, ಇಲ್ಲ ಕಣೇ, ನೀನು ನೋಡಿಲ್ವಾ, ಆ ಹುಡುಗಿಗೆ ಯಾರೂ...”

ಮಗ್ಗದಕ್ಕ ನಿಲ್ಲಿಸಿದಳು. ಹಿಂದಿನವರ ನಗುವೂ ನಿಂತಿತು.

“ಆಮೇಲೆ?”

“ಅಜ್ಜ ಆ ಕಡೆ ತಿರುಗಿಬಿಟ್ರು. ಕಾಣಿಸ್ಲಿಲ್ಲ.”

ಅಜ್ಜ ತಿರುಗಿರಲಿಲ್ಲ. ನಮ್ಮ ಕಡೆಗೇ ಮುಖ ಮಾಡಿ ಕೂತಿದ್ದರು. ತುಟಿ ಆಡುತ್ತಲೇ ಇತ್ತು.

ಮಗ್ಗದಕ್ಕ ನನ್ನ ಕೈಯಿಂದ ನೀರಿನ ಬಾಟಲಿ ತೆಗೆದುಕೊಂಡು ಕುಡಿದು, “ನಡಿ, ನನ್ನದು ಮುಗಿಸು, ಪಾಳಿ ಹೊತ್ತಾಯ್ತು” ಎಂದಳು.

ಮುಗಿಸಿದೆ. ಅವಳ ಬೆರಳು ಗುಂಡಿಯನ್ನು ಬಹಳ ಕಡಿಮೆ ಸಲ ಒತ್ತಿತು. ವರದಿಗೆ ಅಷ್ಟು ಸಾಕು. ಒಟ್ಟು ಒಂಬತ್ತು ಜನರದಾಯಿತು. ಮರಳುವಾಗ ಟೀಚರ್, “ಯಾಕಮ್ಮ ಬಾಯಿ ಕಟ್ಟಿಹೋಗಿದೆ?” ಎಂದರು. ಸುಸ್ತು ಎಂದೆ.

ಏಪ್ರಿಲ್ 5, ಶುಕ್ರವಾರ

ಮೆಕ್ಯಾನಿಕ್ ಹೇಳಿದ್ದೇ ಸರಿ. ಸೆಡಾನು ಮೊದಲ ಕಾರಿಗೆ ಒಳ್ಳೆಯದಲ್ಲ. ಬಾಲ ಉದ್ದ. ಹೊಟ್ಟೆ ತಗ್ಗು. ಕ್ಲಚ್ ಗಟ್ಟಿ. ಗಾಜೂ ನಾನು ತಿಳಿದಷ್ಟು ಭದ್ರವಲ್ಲ. ಭಾವನೆಗೆ ಇಲ್ಲಿ ಜಾಗವಿಲ್ಲ, ಇದು ಶುದ್ಧ ತಾಂತ್ರಿಕ ತೀರ್ಮಾನ.

ಇವತ್ತು ಕ್ಲಿನಿಕ್ಕಿನಲ್ಲಿ ಮಾತಾಡುವವರ ತುಟಿಗಳನ್ನೇ ನೋಡುತ್ತಿದ್ದೆ. ಒಂದೂ ಅರ್ಥವಾಗಲಿಲ್ಲ.

ಏಪ್ರಿಲ್ 7, ಭಾನುವಾರ

ಕಾರು ಬೇಡ ಎಂದು ಹೇಳಿದೆ. ಬಾಲ, ಹೊಟ್ಟೆ, ಕ್ಲಚ್, ಎಲ್ಲ ಹೇಳಿದೆ.

ಟೀಚರ್ ಕಣ್ಣು ಕಿರಿದಾಗಿಸಿದರು. “ಅವತ್ತು ನಾವು ಮಾತಾಡಿದ್ದು ಏನಾದ್ರೂ ಕೇಳಿಸ್ತಾ?”

“ಒಂದಕ್ಷರವೂ ಕೇಳಿಸಲಿಲ್ಲ” ಎಂದೆ. ಅದು ನಿಜ.

“ಹಾಗಾದ್ರೆ ಶೆಡ್ಡು?” ಎಂದರು ಯಜಮಾನರು.

“ಬುಧವಾರ ಬುಧವಾರ ನೀವೇ ಓಡಿಸಬೇಕು. ಪೆಟ್ರೋಲ್ ನನ್ನದು.”

“ಅವತ್ತು ಶೆಡ್ಡಿನ ದಾರೀಲಿ ನೀನು ಪ್ರತಿಜ್ಞೆ ಗಿತಿಜ್ಞೆ ಅಂತಿದ್ದೆ?”

“ಕಾರು ಇಟ್ಟುಕೊಳ್ಳುವುದಿಲ್ಲ ಅಂತ ಪ್ರತಿಜ್ಞೆ. ಇದು ನಿಮ್ಮ ಕಾರು.”

“ಅದು ಮೋಸ ಕಣಮ್ಮ” ಎಂದರು ಟೀಚರ್. “ಕೂತ್ರೆ ಕೂತ ಹಾಗೇ. ಯಾರ ಕಾರಾದ್ರೇನು?”

ಮೋಸ ಎಂಬ ಮಾತನ್ನು ನಾನು ಸಹಿಸುವುದಿಲ್ಲ. ಸ್ವಾಮ್ಯಕ್ಕೂ ಬಳಕೆಗೂ ಇರುವ ವ್ಯತ್ಯಾಸ ವಿವರಿಸತೊಡಗಿದೆ. ದನಿ ಏರಿತ್ತೇನೋ. ಅಡುಗೆಮನೆಯ ಕಿಟಕಿಯಲ್ಲಿ ಸೊಸೆಯ ಮುಖ ಕಂಡಿತು. ಟೀಚರ್ ನನ್ನ ರಟ್ಟೆ ಹಿಡಿದು, “ಇಲ್ಲಲ್ಲ, ನಡಿ ಒಳಗೆ” ಎಂದರು. ಮನೆಯೊಳಗೆ ಎಂದುಕೊಂಡೆ. ಕಾರಿನ ಹಿಂದಿನ ಬಾಗಿಲು ತೆರೆದರು.

ಮೂವರೂ ಕೂತೆವು. ಯಜಮಾನರು ಗಾಜು ಏರಿಸಿದರು, ಕಿವಿಯ ಯಂತ್ರ ಸರಿಪಡಿಸಿಕೊಂಡರು. “ಹಾಂ, ಈಗ ಹೇಳು” ಎಂದರು.

ಹೇಳಿದೆ. ಅವರು ಒಪ್ಪಲಿಲ್ಲ. “ನಿನಗೆ ಕಾರು ಬೇಕು. ನಮಗೋಸ್ಕರ ಬೇಡ ಅಂತೀಯ. ದೊಡ್ಡಸ್ತಿಕೆ” ಎಂದರು ಟೀಚರ್. ದೊಡ್ಡಸ್ತಿಕೆ ನಿಮ್ಮದು ಎಂದೆ. ಕೇಳದೆ ಕರುಣೆ ತೋರಿಸುವುದು ದೊಡ್ಡಸ್ತಿಕೆಯೇ ಎಂದೆ. “ನನಗೆ ಯಾರೂ ಇಲ್ಲ ಅಂತ ನಿಮಗೆ ಯಾರು ಹೇಳಿದರು?” ಎಂದು ಕೂಗಿದೆ.



ಯಜಮಾನರು ಪೂರ್ತಿ ಹಿಂದಕ್ಕೆ ತಿರುಗಿ ಕೂತರು. “ಇದ್ದಾರಾ?”

ಇದ್ದಾರೆ ಎಂದೆ. ಅಮ್ಮ ಇದ್ದಾಳೆ ಎಂದೆ. ಬಳಗ ಇದೆ ಎಂದೆ. ಬಳಗದಲ್ಲಿ ಯಾರು ಯಾರು ಎಂದು ಕೇಳಿದರು. ಹೇಳಲು ಬಾಯಿ ತೆರೆದೆ.

“ಹಾಗೆ ಕೇಳ್ತಾರಾ ಯಾರಾದ್ರೂ? ಬುದ್ಧಿ ಎಲ್ಲಿಟ್ಟಿದ್ದೀರಿ?” ಎಂದು ಟೀಚರ್ ಗಂಡನ ಮೇಲೆ ಹರಿಹಾಯ್ದರು.

“ನೀನೇ ಅಲ್ವಾ ದೊಡ್ಡಸ್ತಿಕೆ ಅಂದಿದ್ದು?”

“ಅದು ಬೇರೆ.”

“ಬೇರೆ ಹೇಗೆ?”

“ಬೇರೆ ಅಂದ್ರೆ ಬೇರೆ.”

“ಯಜಮಾನರು ಕೇಳಿದ್ದು ತಪ್ಪೇನಲ್ಲ, ನೀವು ಅವರನ್ನು ಬೈಯಬೇಡಿ” ಎಂದೆ ನಾನು. “ನೀನು ಸುಮ್ಮನಿರು, ನಿನ್ನ ಪರವಾಗೇ ಬೈತಿದ್ದೀನಿ” ಎಂದರು ಟೀಚರ್. ನನ್ನ ಪರ ಯಾರೂ ಬೈಯಬೇಕಿಲ್ಲ, ನಾನೇ ಬೈಯಬಲ್ಲೆ ಎಂದೆ. “ಹಾಗಾದ್ರೆ ಬೈ, ನೋಡೋಣ” ಎಂದರು ಯಜಮಾನರು. ಬೈದೆ. ಪ್ರತಿಜ್ಞೆ, ಪೆಟ್ರೋಲು, ನೀರಿನ ತೊಟ್ಟಿ, ಸುಮ್ಮನೆ “ಬರ್ಲಿ ಬರ್ಲಿ” ಎಂದದ್ದು, ಎಲ್ಲ ಬಂತು. ಮೂವರೂ ಬೆವರಿನಲ್ಲಿ ತೊಯ್ದುಹೋದೆವು. ಮೊಮ್ಮಕ್ಕಳು ಹೊರಗಿನಿಂದ ಗಾಜಿಗೆ ಮೂಗೊತ್ತಿ ನೋಡಿ, ಏನೂ ಕೇಳಿಸದೆ ಹೊರಟುಹೋದವು.

ಯಾವ ತೀರ್ಮಾನಕ್ಕೂ ಬರಲಿಲ್ಲ. ಬುಧವಾರ ಬೆಳಿಗ್ಗೆ ಬರುತ್ತಾರೆ. ದಾರಿಯಲ್ಲಿ ಮುಂದುವರಿಸೋಣ ಎಂದಿದ್ದಾರೆ.

ಗಂಟಲು ಪೂರ್ತಿ ಕಟ್ಟಿದೆ. ನಾಳೆ ಕ್ಲಿನಿಕ್ಕಿನಲ್ಲಿ ಮಾತಾಡುವುದು ಕಷ್ಟವಾಗಬಹುದು.